ಕರಗಬೇಕಾದ ಹಂದರ: ಕೊಲಾಜನ್ ವಿನ್ಯಾಸದ ಚರಿತ್ರೆ

ಅಂಗಾಂಶ ಎಂಜಿನಿಯರಿಂಗ್‌ನಲ್ಲಿ ಹಂದರವೆಂದರೆ ಜೀವಕೋಶಗಳು ಹಬ್ಬಿ ಬೆಳೆಯಲು ಕಟ್ಟಿಕೊಡುವ ಆಸರೆ. ಅಂಗಳದ ಮಲ್ಲಿಗೆ ಹಂದರ ಬಳ್ಳಿ ಬಲಿತ ಮೇಲೂ ಉಳಿಯುತ್ತದೆ; ಇದು ಉಳಿಯಬಾರದು. ಕೊಲಾಜನ್ ಹಂದರದ ಚರಿತ್ರೆಯನ್ನು ಹೊಸ ವಸ್ತುವೊಂದರ ಶೋಧವಾಗಿ ನೋಡುವುದಕ್ಕಿಂತ, ಅದು ಎಷ್ಟು ದಿನ ನಿಲ್ಲಬೇಕು, ಯಾವಾಗ ಕರಗಬೇಕು ಎಂಬ ಲೆಕ್ಕವಾಗಿ ನೋಡುವುದು ಹೆಚ್ಚು ಸರಿ ಎಂಬುದು ಈ ಲೇಖನದ ವಾದ.

ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಗಟ್ಟಿತನ ಕೊಡುವ ಪ್ರೋಟೀನು ಕೊಲಾಜನ್. 1954-55ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ, ಅದು ಮೂರು ಎಳೆಗಳು ಹುರಿಗೊಂಡ ಸುರುಳಿ ಎಂದು ತೋರಿಸಿದರು. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಮುಂದೆ ಅಲ್ಲಿಯೇ ಅಣುಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ಹಂದರದ ಆಯುಷ್ಯದ ಗುಟ್ಟು ಈ ಹುರಿಯಲ್ಲೇ ಇದೆ. ಅದು ಬಿಗಿಯಾಗಿರುವವರೆಗೆ ಸಾಮಾನ್ಯ ಕಿಣ್ವಗಳಿಗೆ ಜಗ್ಗುವುದಿಲ್ಲ. ಕೊಲಾಜನೇಸ್ ಎಂಬ ಕಿಣ್ವವೇ ಬೇಕು. ಕಾಯಿಸಿದರೆ ಹುರಿ ಬಿಚ್ಚಿ ಜೆಲಟಿನ್ ಆಗುತ್ತದೆ, ಬೇಗ ಕರಗಿಹೋಗುತ್ತದೆ.

ಈ ಗುಣ ಚಿಕಿತ್ಸೆಗೆ ಒದಗಿದ್ದು ಬಾಸ್ಟನ್ ಪರಿಸರದಲ್ಲಿ. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಬರ್ಕ್‌ಗೆ ಸುಟ್ಟಗಾಯ ಮುಚ್ಚಲು ಒಂದು ಹೊದಿಕೆ ಬೇಕಾಗಿತ್ತು. ಎಂಐಟಿಯ ಪಾಲಿಮರ್ ತಜ್ಞ ಅಯೊಆನಿಸ್ ಯಾನಸ್ ಅವರ ಜೊತೆಗೂಡಿದರು. ದನದ ಕೊಲಾಜನ್‌ಗೆ ಶಾರ್ಕ್ ಮೃದ್ವಸ್ಥಿಯ ಕಾಂಡ್ರಾಯ್ಟಿನ್ ಸಲ್ಫೇಟ್ ಬೆರೆಸಿ ಅವರು ಸ್ಪಂಜಿನಂಥ ಪದರ ಮಾಡಿದರು. ನೀರು ಆರದಂತೆ, ಸೋಂಕು ತಗಲದಂತೆ ಮೇಲೆ ಸಿಲಿಕೋನ್ ಹಾಳೆ ಹೊದಿಸಿದರು. ದೇಹದ ಶೇ. 50ರಿಂದ 95ರಷ್ಟು ಭಾಗ ಸುಟ್ಟಿದ್ದ ಹತ್ತು ರೋಗಿಗಳ ಮೇಲಿನ ಫಲಿತಾಂಶ 1981ರಲ್ಲಿ ಪ್ರಕಟವಾಯಿತು. ಗಾಯದ ತಳದಿಂದ ಜೀವಕೋಶಗಳೂ ರಕ್ತನಾಳಗಳೂ ಸ್ಪಂಜಿನೊಳಗೆ ಏರಿ ಬಂದವು. ಅದು ಕರಗುತ್ತಾ ಹೋದಂತೆ ಆ ಜಾಗದಲ್ಲಿ ಹೊಸ ಒಳಚರ್ಮ ಮೂಡಿತು. ಬಳಿಕ ಸಿಲಿಕೋನ್ ಕಿತ್ತು, ರೋಗಿಯದೇ ಹೊರಚರ್ಮದ 0.1 ಮಿ.ಮೀ. ದಪ್ಪದ ಪದರವನ್ನು ನಾಟಿ ಮಾಡಲಾಯಿತು. ಮುಚ್ಚಳವೆಂದು ಹೊರಟದ್ದು ಅಚ್ಚಾಗಿ ಕೆಲಸ ಮಾಡಿತ್ತು.

ಅದು ಯಾಕೆ ಹಾಗಾಯಿತು ಎಂಬುದಕ್ಕೆ 1989ರಲ್ಲಿ ಯಾನಸ್ ತಂಡ ಗಿನಿಯಿಲಿಗಳ ಪ್ರಯೋಗದಿಂದ ಅಂಕಿಗಳಲ್ಲಿ ಉತ್ತರ ಕೊಟ್ಟಿತು. ರಂಧ್ರಗಳ ಸರಾಸರಿ ವ್ಯಾಸ 20ರಿಂದ 125 ಮೈಕ್ರೋಮೀಟರ್ ಒಳಗಿರಬೇಕು. ಕೊಲಾಜನೇಸ್‌ಗೆ ತಡೆಯೊಡ್ಡುವ ಶಕ್ತಿ ಒಂದು ಮಿತಿ ದಾಟಿರಬೇಕು. ಹಂದರ ಬೇಗ ಕರಗಿದರೆ ಗಾಯ ಎಂದಿನಂತೆ ಸುಕ್ಕಿ ಕಲೆಗಟ್ಟುತ್ತದೆ. ತೀರಾ ತಡವಾದರೆ ಹೊಸ ಅಂಗಾಂಶಕ್ಕೆ ಅದೇ ಅಡ್ಡಿ. ಎಳೆ ಎಳೆಗೆ ಅಡ್ಡಬೆಸುಗೆ ಹಾಕಿ ಈ ಅವಧಿಯನ್ನು ಹಿಗ್ಗಿಸಬಹುದು. ಗ್ಲೂಟರಾಲ್ಡಿಹೈಡ್ ಬಳಸುವುದು ಒಂದು ದಾರಿ. ನಿರ್ವಾತದಲ್ಲಿ ಬಿಸಿಮಾಡಿ ನೀರಿನಂಶ ಹೊರದೂಡುವುದು ಇನ್ನೊಂದು. ಹಸಿ ತೊಗಲು ಕೊಳೆಯದಂತೆ ಹದ ಮಾಡುವವರ ಕಸುಬಿನ ತತ್ತ್ವವೂ ಇದೇ. ಅವರಿಗೆ ತೊಗಲು ವರ್ಷಗಟ್ಟಲೆ ಬಾಳಬೇಕು, ಇವರಿಗೆ ಕೆಲವೇ ವಾರ.

ರಂಧ್ರಗಳ ಹತೋಟಿ ಸಿಕ್ಕಿದ್ದು ಹೆಪ್ಪುಗಟ್ಟಿಸುವ ಕ್ರಮದಲ್ಲಿ. ಕೊಲಾಜನ್ ಬೆರೆತ ದ್ರವವನ್ನು ಹೆಪ್ಪುಗಟ್ಟಿಸಿ ಮಂಜನ್ನು ನೇರವಾಗಿ ಆವಿಯಾಗಿಸಿದರೆ, ಹರಳಿದ್ದ ಕಡೆ ರಂಧ್ರ ಉಳಿಯುತ್ತದೆ. 2004ರಲ್ಲಿ ಫರ್ಗಲ್ ಓಬ್ರಿಯನ್ ಮತ್ತು ಸಂಗಡಿಗರು ಒಂದೇ ವೇಗದಲ್ಲಿ ತಣಿಸಿದರೆ ರಂಧ್ರಗಳೂ ಏಕರೂಪವಾಗುತ್ತವೆಂದು ತೋರಿಸಿದರು. 2010ರ ಇನ್ನೊಂದು ಅಧ್ಯಯನದಲ್ಲಿ ಮೂಳೆಕೋಶಗಳು ಅತ್ಯಂತ ಚೆನ್ನಾಗಿ ಒಳಹೊಕ್ಕದ್ದು 325 ಮೈಕ್ರೋಮೀಟರಿನ ರಂಧ್ರಗಳಿಗೆ. ಚರ್ಮಕ್ಕೆ ಒಪ್ಪಿದ ಅಳತೆ ಮೂಳೆಗೆ ಒಪ್ಪಲಿಲ್ಲ.

ಬರ್ಕ್ ಮತ್ತು ಯಾನಸ್‌ರ ಹಂದರ 'ಇಂಟೆಗ್ರಾ' ಹೆಸರಿನಲ್ಲಿ 1996ರಲ್ಲಿ ಅಮೆರಿಕದ ಔಷಧ ನಿಯಂತ್ರಕರ ಅನುಮತಿ ಪಡೆಯಿತು. ಅದು ಬೆಳೆಸುವ ಚರ್ಮದಲ್ಲಿ ಕೂದಲಿನ ಬುಡವಿಲ್ಲ, ಬೆವರಿನ ಗ್ರಂಥಿಯೂ ಇಲ್ಲ. ಕರಗುವ ಕಾಲವನ್ನು ಈ ವಿದ್ಯೆ ಹಿಡಿತಕ್ಕೆ ತಂದುಕೊಂಡಿದೆ. ಪೂರ್ಣ ಚರ್ಮವನ್ನು ಮರಳಿ ಬೆಳೆಸುವುದು ಅದಕ್ಕೆ ಇನ್ನೂ ಒಲಿದಿಲ್ಲ.