ಮೊಕದ್ದಮೆ ವಾಪಸು: ಸರ್ಕಾರಿ ಅಭಿಯೋಜಕರನ್ನು ಕೇಳುವವರು ಯಾರು?

ಕೊಲೆಯಾದವನ ಮನೆಯವರು ಸೆಷನ್ಸ್ ನ್ಯಾಯಾಲಯದಲ್ಲಿ ಕಕ್ಷಿದಾರರಲ್ಲ, ಹೆಚ್ಚೆಂದರೆ ಸಾಕ್ಷಿಗಳು. ಅಪರಾಧ ನಡೆದದ್ದು ರಾಜ್ಯದ ವಿರುದ್ಧ, ಹಾಗಾಗಿ ಮೊಕದ್ದಮೆ ನಡೆಸುವವರು ಸರ್ಕಾರಿ ಅಭಿಯೋಜಕರು (ಪಿಪಿ) ಎಂಬ ವಸಾಹತು ಕಾಲದ ಕಲ್ಪನೆಯನ್ನು 1973ರ ದಂಡ ಪ್ರಕ್ರಿಯಾ ಸಂಹಿತೆಯೂ ಉಳಿಸಿಕೊಂಡಿತು. ಅದರ 301ನೇ ಕಲಮಿನಂತೆ ನೊಂದವರ ವಕೀಲರು ಪಿಪಿ ಹೇಳಿದ ಹಾಗೆ ನಡೆಯಬೇಕಿತ್ತು. ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಲಯ ಒಪ್ಪಿದರೆ ಲಿಖಿತ ವಾದ ಕೊಡಬಹುದಿತ್ತು, ಅಷ್ಟೆ. ಇನ್ನು 321ನೇ ಕಲಮಿನಡಿ ಪಿಪಿ ನ್ಯಾಯಾಲಯದ ಸಮ್ಮತಿ ಪಡೆದು ಇಡೀ ಮೊಕದ್ದಮೆಯನ್ನೇ ಹಿಂಪಡೆಯಬಹುದಿತ್ತು. ನೊಂದವರನ್ನು ಒಂದು ಮಾತು ಕೇಳಬೇಕೆಂದು ಅಲ್ಲಿ ಎಲ್ಲೂ ಇರಲಿಲ್ಲ.

ಈ ಅಧಿಕಾರ ಪಿಪಿಯ ಸ್ವಂತ ವಿವೇಚನೆಯದು ಎಂದು ತೀರ್ಪುಗಳು ಹೇಳುತ್ತಲೇ ಬಂದವು. ಅದು ಎಷ್ಟರಮಟ್ಟಿಗೆ ನಿಜ ಎಂಬುದು 2000ದಲ್ಲಿ ಮೈಸೂರಿನಲ್ಲಿ ಬಯಲಾಯಿತು. ಜುಲೈ 30ರಂದು ಕಾಡುಗಳ್ಳ ವೀರಪ್ಪನ್ ಗಾಜನೂರಿನಿಂದ ನಟ ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಭಯೋತ್ಪಾದನೆ ತಡೆ ಕಾಯ್ದೆಯಾದ ಟಾಡಾದಡಿ ಸೆರೆಯಲ್ಲಿದ್ದವರ ಬಿಡುಗಡೆ ಅವನ ಬೇಡಿಕೆಗಳಲ್ಲೊಂದು. ಆಗಸ್ಟ್‌ನಲ್ಲಿ ವಿಶೇಷ ಅಭಿಯೋಜಕರು ಮೈಸೂರಿನ ನ್ಯಾಯಾಲಯದಲ್ಲಿ ಅವರ ಮೇಲಿನ ಟಾಡಾ ಆರೋಪಗಳನ್ನು ಕೈಬಿಡಲು ಅರ್ಜಿ ಹಾಕಿದರು, ನ್ಯಾಯಾಲಯ ಒಪ್ಪಿತು. ರಾಜ್‌ಕುಮಾರ್ ಅವರಿಗೆ ಏನಾದರೂ ಆದರೆ ರಾಜ್ಯ ಹೊತ್ತಿ ಉರಿಯುತ್ತದೆಂಬ ಸರ್ಕಾರದ ಆತಂಕ ಸುಳ್ಳೇನಲ್ಲ. ಆದರೆ 1992ರಲ್ಲಿ ಎಸ್ಪಿ ಹರಿಕೃಷ್ಣ ಅವರೊಂದಿಗೆ ವೀರಪ್ಪನ್ ತಂಡದ ಹೊಂಚುದಾಳಿಗೆ ಬಲಿಯಾದ ಸಬ್ ಇನ್ಸ್‌ಪೆಕ್ಟರ್‌ ಒಬ್ಬರ ತಂದೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ನವೆಂಬರ್ 7ರಂದು ಆ ಸಮ್ಮತಿ ರದ್ದಾಯಿತು. ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: ದಾಖಲೆಗಳನ್ನು ತಾವೇ ನೋಡಿ, ಹಿಂಪಡೆಯುವುದು ಸಾರ್ವಜನಿಕ ಹಿತಕ್ಕೆ ಒಳ್ಳೆಯದೆಂದು ಅಭಿಯೋಜಕರಿಗೆ ಪ್ರಾಮಾಣಿಕವಾಗಿ ಅನಿಸಿರಬೇಕು. ನ್ಯಾಯಾಲಯವೂ ಅದನ್ನು ಪರಿಶೀಲಿಸಬೇಕು. ಇಲ್ಲಿ ಎರಡೂ ಆಗಿರಲಿಲ್ಲ. ನವೆಂಬರ್ 15ರಂದು ರಾಜ್‌ಕುಮಾರ್ ಬಿಡುಗಡೆಯಾದರು. ಆ ಸಂಭ್ರಮ ನಾಡಿಗೆ ನೆನಪಿದೆ, ಈ ತಂದೆಯ ಅರ್ಜಿ ಅಷ್ಟಾಗಿ ಇಲ್ಲ.

ಆ ತಂದೆಗೆ ಕಾನೂನಿನಲ್ಲಿ ‘ಸಂತ್ರಸ್ತ’ ಎಂಬ ಸ್ಥಾನವೂ ಇರಲಿಲ್ಲ. ಅದು ಬಂದದ್ದು 2009ರ ಡಿಸೆಂಬರ್ 31ರಂದು ಜಾರಿಯಾದ ತಿದ್ದುಪಡಿಯಿಂದ. ಖುಲಾಸೆಯ ವಿರುದ್ಧ ಮೇಲ್ಮನವಿಯ ಹಕ್ಕೂ ಜೊತೆಗೇ ಬಂತು. ಅದಕ್ಕೆ ಹೈಕೋರ್ಟಿನ ಪೂರ್ವಾನುಮತಿ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಬಹುಮತದಿಂದ ತೀರ್ಮಾನಿಸಿದ್ದೂ ಕರ್ನಾಟಕದಿಂದ ಹೋದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲೇ. ಮರುವರ್ಷ ಅದೇ ನ್ಯಾಯಾಲಯ, ಸಂತ್ರಸ್ತರ ವಕೀಲರು ಪಾಟಿಸವಾಲು ಮಾಡುವಂತಿಲ್ಲ ಎಂದು ತಡೆಹಾಕಿತು. ಇನ್ನು ಅಭಿಯೋಜಕರ ಲೋಪದಿಂದ ಕೇಸು ಬಿದ್ದರೆ ವಿಚಾರಿಸಲು ಪ್ರತಿ ರಾಜ್ಯದಲ್ಲೂ ಸ್ಥಾಯಿ ಸಮಿತಿ ಇರಲಿ ಎಂದು ಸುಪ್ರೀಂ ಕೋರ್ಟಿನ 2014ರ ಕಿಶನ್‌ಭಾಯಿ ತೀರ್ಪು ಆದೇಶಿಸಿತ್ತು. ಪೊಲೀಸ್ ಮತ್ತು ಅಭಿಯೋಜನೆಯ ಹಿರಿಯ ಅಧಿಕಾರಿಗಳೇ ಅದರ ಸದಸ್ಯರು. ನೊಂದವರಿಗೆ ಅಲ್ಲಿ ಕುರ್ಚಿಯಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಮು, ಸಂತ್ರಸ್ತರ ಮಾತು ಕೇಳದೆ ಹಿಂಪಡೆಯಲು ಸಮ್ಮತಿ ಕೊಡುವಂತಿಲ್ಲ ಎನ್ನುತ್ತದೆ. ನನ್ನ ಮಟ್ಟಿಗೆ ಇದು 2000ದ ಆ ಅರ್ಜಿಗೆ ತಡವಾಗಿ ಸಿಕ್ಕ ಉತ್ತರ, ಅದೂ ಅರ್ಧ. ನೊಂದ ವ್ಯಕ್ತಿ ಎದುರಿಗಿಲ್ಲದ ಮೊಕದ್ದಮೆಗಳೂ ಇವೆಯಲ್ಲ. 2020ರಲ್ಲಿ ಶಾಸಕ, ಸಂಸದರ ಮೇಲಿನವೂ ಸೇರಿದ್ದ 61 ಮೊಕದ್ದಮೆಗಳನ್ನು ಹಿಂಪಡೆಯಲು ಕರ್ನಾಟಕ ಸರ್ಕಾರ ಆದೇಶಿಸಿದಾಗ ಹೈಕೋರ್ಟಿಗೆ ಹೋಗಿದ್ದು ಒಂದು ನಾಗರಿಕ ಹಕ್ಕುಗಳ ಸಂಘಟನೆ. ಗಲಭೆಯಲ್ಲಿ ಸರ್ಕಾರಿ ಬಸ್ಸು ಸುಟ್ಟ ಮೊಕದ್ದಮೆಯಲ್ಲಾದರೆ ಹೊಸ ಸಂಹಿತೆಯ ಪ್ರಕಾರ ಹಾನಿ ಅನುಭವಿಸಿದ್ದು ಸಾರಿಗೆ ಸಂಸ್ಥೆ. ನ್ಯಾಯಾಧೀಶರು ಅಭಿಪ್ರಾಯ ಕೇಳಬೇಕಾದದ್ದು, ಹಿಂಪಡೆಯಿರಿ ಎಂದ ಸರ್ಕಾರದ ಕೈಕೆಳಗಿನ ಆ ಸಂಸ್ಥೆಯನ್ನೇ.