ಹಾರದ ಜೊತೆಗೆ ಆ ಭಾಷಣವನ್ನೂ ಓದಿಸಿ

ನವೆಂಬರ್ 26 ಬಂತು ಅಂದ್ರೆ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸ್ತಾರೆ, ಅಂಬೇಡ್ಕರ್ ಫೋಟೋಗೆ ಹಾರ ಹಾಕ್ತಾರೆ. ಒಳ್ಳೇದೇ. ಜೊತೆಗೆ ಅದರ ಹಿಂದಿನ ದಿನ, ಅಂದರೆ 1949ರ ನವೆಂಬರ್ 25ರಂದು, ಸಂವಿಧಾನ ಸಭೆಯಲ್ಲಿ ಅವರು ಮಾಡಿದ ಭಾಷಣವನ್ನೂ ಹೈಸ್ಕೂಲ್ ಮಕ್ಕಳ ಕೈಗೆ ಕೊಡಬೇಕು.

ಅದು ಗೆದ್ದ ಖುಷಿಯ ಭಾಷಣ ಅಲ್ಲ, ಎಚ್ಚರಿಕೆ. ಸಂವಿಧಾನ ಎಷ್ಟೇ ಚೆನ್ನಾಗಿದ್ದರೂ ನಡೆಸುವವರು ಕೆಟ್ಟವರಾದರೆ ಅದೂ ಕೆಡುತ್ತದೆ ಅಂದರು. 1950ರ ಜನವರಿ 26ರಿಂದ ರಾಜಕೀಯದಲ್ಲಿ ಎಲ್ಲರೂ ಸಮಾನರು, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಮಾತ್ರ ಅಸಮಾನತೆ ಹಾಗೇ ಉಳಿಯುತ್ತದೆ. ಈ ವಿರೋಧಾಭಾಸವನ್ನು ಬೇಗ ಹೋಗಲಾಡಿಸದಿದ್ದರೆ, ಅದರಿಂದ ನೊಂದವರೇ ಈ ಪ್ರಜಾಪ್ರಭುತ್ವವನ್ನು ಕೆಡವುತ್ತಾರೆ ಅಂದರು. ರಾಜಕೀಯದಲ್ಲಿ ವ್ಯಕ್ತಿಪೂಜೆ ಕೊನೆಗೆ ಸರ್ವಾಧಿಕಾರಕ್ಕೆ ಒಯ್ಯುತ್ತದೆ ಅಂತಲೂ ಹೇಳಿದರು.

ಇದನ್ನು ಉರು ಹೊಡೆಸಿ ಸ್ಪರ್ಧೆಯಲ್ಲಿ ಹೇಳಿಸಿದರೆ ಮಕ್ಕಳಿಗೆ ಬಹುಮಾನ ಸಿಗುತ್ತೆ, ಅಷ್ಟೇ. ಅದರ ಬದಲು ಒಂದು ಪುಟ ಓದಿಸಿ, ಒಂದೇ ಪ್ರಶ್ನೆ ಕೇಳಬೇಕು: ಎಲೆಕ್ಷನ್ ದಿನ ಒಂದೇ ಸಾಲಿನಲ್ಲಿ ನಿಲ್ಲುವ ನಮ್ಮೂರಿನ ಜನ, ಮಾರನೇ ದಿನ ಎಲ್ಲೆಲ್ಲಿ ಬೇರೆ ಬೇರೆ ನಿಲ್ತಾರೆ?

ಬಾವಿ, ಗುಡಿ, ಹೋಟೆಲು, ಹೊಲ ಅಂತ ಮಕ್ಕಳು ಪಟ್ಟಿ ಮಾಡ್ತಾ ಹೋದ್ರೆ ಮೇಷ್ಟ್ರಿಗೆ ಇರುಸುಮುರುಸಾಗಬಹುದು. ಆಗಲಿ. ಇತಿಹಾಸದ ಪಾಠ ಅಲ್ಲಿಂದಲೇ ಶುರು.