ಕೊಡುವ ಕೈ, ನಿರ್ಧರಿಸುವ ಕೈ: ಇಳಾ ಭಟ್ ಬಿಟ್ಟುಹೋದ ಪಾಠ

ಬಡ ಹೆಂಗಸರಿಗೆ ನೆರವು ಕೊಡುವುದು ನಮಗೇನೂ ಹೊಸದಲ್ಲ. ರಮಝಾನಿನಲ್ಲಿ ಕಿಟ್ ಹಂಚುತ್ತೇವೆ, ಹೊಲಿಗೆ ಯಂತ್ರ ಕೊಡಿಸುತ್ತೇವೆ, ಫೋಟೊ ಕೂಡ ತೆಗೆಸುತ್ತೇವೆ. ಆದರೆ "ನಿಮಗೆ ಬೇಕಾಗಿರುವುದೇನು?" ಅಂತ ಆ ಹೆಂಗಸನ್ನೇ ಕೇಳಿದವರು ಎಷ್ಟು ಮಂದಿ? ಈ ಪ್ರಶ್ನೆಯನ್ನು ಜೀವನವಿಡೀ ಕೇಳಿದ ಒಬ್ಬ ಮಹಿಳೆಯ ಚರಿತ್ರೆ ನೀವು ತಿಳಿದಿರಬೇಕು.

ಇಳಾ ಭಟ್ ಹುಟ್ಟಿದ್ದು 1933ರಲ್ಲಿ ಅಹಮದಾಬಾದಿನಲ್ಲಿ, ಬೆಳೆದದ್ದು ಸೂರತ್‌ನಲ್ಲಿ. ತಂದೆ ವಕೀಲರು. ತಾಯಿ ವನಲೀಲಾ ಅಖಿಲ ಭಾರತ ಮಹಿಳಾ ಸಮ್ಮೇಳನದ ಕಾರ್ಯಕರ್ತೆ. ಅದೇ ಸಮ್ಮೇಳನವನ್ನು ಆರಂಭದಲ್ಲಿ ಕಟ್ಟಿದವರಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಒಬ್ಬರು. ಸೂರತ್‌ನಲ್ಲಿ ಬಿ.ಎ., ಅಹಮದಾಬಾದಿನಲ್ಲಿ ಕಾನೂನು ಓದಿದ ಇಳಾ, 1955ರಲ್ಲಿ ಅಲ್ಲಿನ ಮಜೂರ್ ಮಹಾಜನ್‌ನ ಕಾನೂನು ವಿಭಾಗಕ್ಕೆ ಸೇರಿದರು. 1918ರ ಗಿರಣಿ ಮುಷ್ಕರದ ಬೆನ್ನಿಗೇ, ಅನಸೂಯಾ ಸಾರಾಭಾಯಿ ಮತ್ತು ಗಾಂಧೀಜಿ ಕಟ್ಟಿದ ಕಾರ್ಮಿಕ ಸಂಘ ಅದು.

ಗಿರಣಿ ಕಾರ್ಮಿಕನಿಗೆ ಸಂಘವಿತ್ತು, ಕಾನೂನಿತ್ತು. ತಲೆಹೊರೆ ಹೊರುವವಳಿಗೆ, ಕೈಗಾಡಿ ಎಳೆಯುವವಳಿಗೆ, ತರಕಾರಿ ಮಾರುವವಳಿಗೆ ಏನಿತ್ತು? ಹಳೆ ಪಟ್ಟಣದ ಗಲ್ಲಿಗಳಲ್ಲಿ ಗಿರಣಿಯ ಚಿಂದಿ ಬಟ್ಟೆ ಸೇರಿಸಿ ಗೌಸು ಹೊಲಿಯುವ ಹೆಂಗಸರಿದ್ದರು, ಬಹಳಷ್ಟು ಮುಸ್ಲಿಮರು. ವ್ಯಾಪಾರಿಯಿಂದ ಚಿಂದಿ ತರಬೇಕು, ಹೊಲಿದು ಕೊಡಬೇಕು, ತುಂಡಿಗೆ ಇಷ್ಟು ಅಂತ ಪುಡಿಗಾಸು ಪಡೆಯಬೇಕು. ನಮ್ಮ ಕರಾವಳಿಯ ಬೀಡಿ ಕಟ್ಟುವ ಮನೆಗಳನ್ನು ನೆನಪಿಸಿಕೊಳ್ಳಿ, ಅರ್ಥವಾಗುತ್ತದೆ. ಬೀಡಿಗಾದರೂ 1966ರಲ್ಲೇ ಒಂದು ಕಾನೂನು ಬಂತು. ಇವರನ್ನು ಕಾರ್ಮಿಕರೆಂದು ಕರೆಯುವವರೇ ಇರಲಿಲ್ಲ.

ಇಂಥವರಿಗಾಗಿ 1971ರ ಡಿಸೆಂಬರಿನಲ್ಲಿ 'ಸೇವಾ' ಸಂಘ ಹುಟ್ಟಿತು. ನೋಂದಣಿಗೆ ಹೋದರೆ ಇಲಾಖೆಯ ತಕರಾರು: ಮಾಲೀಕನೇ ಇಲ್ಲದ ಮೇಲೆ ಯಾರ ವಿರುದ್ಧ ಸಂಘ? ಸಂಘ ಬೇಕಾಗಿರುವುದು ಕೆಲಸ ಮಾಡುವವರು ಒಟ್ಟಾಗಲಿಕ್ಕೆ ಎಂದು ಇಳಾ ವಾದಿಸಿದರು. 1972ರ ಏಪ್ರಿಲಿನಲ್ಲಿ ನೋಂದಣಿ ಆಯಿತು.

ಮುಂದಿನ ಗೋಡೆ ಬ್ಯಾಂಕಿನದು. ಮಾಸಿದ ಸೀರೆ, ಕಂಕುಳಲ್ಲಿ ಮಗು, ಓದುಬರಹ ಇಲ್ಲ. ಬ್ಯಾಂಕಿನವರು ಅವರನ್ನು ಹತ್ತಿರ ಸೇರಿಸಲಿಲ್ಲ. ಬಡ್ಡಿ ವ್ಯಾಪಾರಿ ಮಾತ್ರ ಯಾವಾಗಲೂ ಹತ್ತಿರವೇ ಇದ್ದ. ಹಾಗಾದರೆ ನಮ್ಮದೇ ಬ್ಯಾಂಕ್ ಇರಲಿ ಎಂದರು ಹೆಂಗಸರು. ಸಹಿ ಹಾಕಲು ಬಾರದವರ ಬ್ಯಾಂಕೇ? ಎಂಬ ಪ್ರಶ್ನೆ ಬಂದಾಗ ಪ್ರವರ್ತಕಿಯರು ರಾತ್ರಿ ಕೂತು ಹೆಸರು ಬರೆಯಲು ಕಲಿತರು. 1974ರಲ್ಲಿ 4,000 ಮಂದಿ ತಲಾ 10 ರೂಪಾಯಿಯ ಷೇರು ಹಾಕಿ ಸಹಕಾರಿ ಬ್ಯಾಂಕ್ ತೆರೆದರು. ಖಾತೆ ಗಂಡನ ಹೆಸರಲ್ಲಲ್ಲ, ಅವಳದೇ ಹೆಸರಲ್ಲಿ. ಸಹಿಗೆ ಬದಲು ಅವಳ ಫೋಟೊ.

ಈ ಅನುಭವ ಅಹಮದಾಬಾದಿನಲ್ಲೇ ಉಳಿಯಲಿಲ್ಲ. 1975ರ ಮೆಕ್ಸಿಕೊ ಮಹಿಳಾ ಸಮ್ಮೇಳನದಲ್ಲಿ ಮೊಳೆತ ಯೋಚನೆಯಿಂದ 1979ರಲ್ಲಿ 'ವಿಮೆನ್ಸ್ ವರ್ಲ್ಡ್ ಬ್ಯಾಂಕಿಂಗ್' ಸಂಸ್ಥೆ ಹುಟ್ಟಿತು. ಘಾನಾದ ಎಸ್ತರ್ ಒಕ್ಲೂ, ಅಮೆರಿಕದ ಮೈಕೇಲಾ ವಾಲ್ಶ್ ಜೊತೆ ಇಳಾ ಕೂಡ ಅದರ ಸ್ಥಾಪಕಿ, ಮುಂದೆ ಅಧ್ಯಕ್ಷೆ. ರಾಕ್‌ಫೆಲರ್ ಫೌಂಡೇಶನ್ನಿನ ಟ್ರಸ್ಟಿಯೂ ಆದರು. ಜಗತ್ತಿನ ದೊಡ್ಡ ದೊಡ್ಡ ಅನುದಾನಗಳು ತೀರ್ಮಾನವಾಗುವ ಮೇಜಿನ ಮುಂದೆ, ಕೈಗಾಡಿ ಎಳೆಯುವವಳ ಲೆಕ್ಕ ಗೊತ್ತಿದ್ದ ಒಬ್ಬರು ಕೂತರು.

ದಾರಿ ಸಲೀಸಾಗಿತ್ತು ಅಂತ ತಿಳಿಯಬೇಡಿ. 1981ರಲ್ಲಿ ಮೀಸಲಾತಿ ವಿರೋಧಿ ಗಲಭೆ ಎದ್ದಾಗ ಇಳಾ ದಲಿತರ ಪರ ನಿಂತರು; ಮಜೂರ್ ಮಹಾಜನ್ ಅವರನ್ನೂ ಸೇವಾವನ್ನೂ ಹೊರಹಾಕಿತು. 2002ರಲ್ಲಿ ಸೇವಾದ ಸದಸ್ಯೆಯರೇ ಮನೆ, ದುಡಿಮೆ ಕಳೆದುಕೊಂಡರು. ಸಂಘ ಪರಿಹಾರ ಶಿಬಿರಗಳಿಗೆ ಕೆಲಸ ಒಯ್ದಿತು. ಆದರೆ ಸರ್ಕಾರದ ವಿರುದ್ಧ ಸಾಕಷ್ಟು ಗಟ್ಟಿಯಾಗಿ ಮಾತಾಡಲಿಲ್ಲ ಎಂಬ ಟೀಕೆಯೂ ಬಂತು. ಅದನ್ನು ಮುಚ್ಚಿಡುವುದು ಚರಿತ್ರೆಗೆ ಒಪ್ಪುವುದಿಲ್ಲ. ಭೂಕಂಪ ಪೀಡಿತರಿಗಾಗಿ ನಡೆಯುತ್ತಿದ್ದ 'ಜೀವಿಕಾ' ಯೋಜನೆಯ ಹಣದ ಲೆಕ್ಕದ ಬಗ್ಗೆ ರಾಜ್ಯ ಸರ್ಕಾರದೊಂದಿಗೆ ಜಟಾಪಟಿಯಾಗಿ, 2005ರಲ್ಲಿ ಸೇವಾ ಆ ಯೋಜನೆಯಿಂದಲೇ ಹೊರಬಂತು. ಬೇರೆಯವರ ಹಣದ ಜೊತೆ ಬೇರೆಯವರ ಹಗ್ಗವೂ ಬರುತ್ತದೆ. ತಮ್ಮದೇ 10 ರೂಪಾಯಿಯ ಬೆಲೆ ಗೊತ್ತಾಗುವುದು ಆಗಲೇ.

2022ರ ನವೆಂಬರ್ 2ರಂದು ಇಳಾ ತೀರಿಕೊಂಡರು. ಅವರ ಪಾಠ ನಮಗೆ ದೂರದ್ದೇನಲ್ಲ. ಝಕಾತ್ ಪಡೆದವರು ಆ ಹಣದ ಮಾಲೀಕರಾಗಬೇಕು ಎಂಬ ಮಾತು ನಮ್ಮ ಫಿಕ್ಹ್‌ನಲ್ಲೇ ಇದೆ. ನಿಮ್ಮ ಜಮಾಅತಿನ ಪಟ್ಟಿ ತೆಗೆದು ನೋಡಿ. ಪಡೆಯುವವರಲ್ಲಿ ವಿಧವೆಯರು, ಬೀಡಿ ಕಟ್ಟುವವರು, ತಲಾಖ್ ಆದವರು ಎಷ್ಟಿದ್ದಾರೆ? ಯಾರಿಗೆ, ಎಷ್ಟು, ಯಾವುದಕ್ಕೆ ಅಂತ ತೀರ್ಮಾನಿಸುವ ಸಮಿತಿಯಲ್ಲಿ ಅಂಥ ಒಬ್ಬ ಹೆಂಗಸಾದರೂ ಇದ್ದಾಳೆಯೇ? ಇಲ್ಲವಾದರೆ, ಮುಂದಿನ ರಮಝಾನಿನ ಮೊದಲು ಕೂತು ಮಾತಾಡಬೇಕಾದ ವಿಷಯ ಇದೇ.